ಪುಲ್ಲಂಪುರಚಿಗೆ ವಿಷ ಹೊಡೆಯುವುದು ಬೇಸಾಯವಲ್ಲ

ಮಲೆನಾಡು, ಕರಾವಳಿಯ ಊರುಗಳಲ್ಲಿ ತೋಟ ನೋಡಲು ಹೋದವರು ಈಗ ತಲೆಯೆತ್ತಿ ಗೊನೆ ನೋಡುವ ಮೊದಲು ನೆಲ ನೋಡುತ್ತಾರೆ. ಮರದ ಬುಡದಲ್ಲಿ ಒಂದು ಹಸಿರು ಎಲೆಯೂ ಇಲ್ಲದಿದ್ದರೆ ‘ತೋಟ ಚೊಕ್ಕ ಇಟ್ಟಿದ್ದಾರೆ’ ಎಂದು ಹೊಗಳುತ್ತಾರೆ. ಅಲ್ಲಿ ಇಲ್ಲಿ ಸೊಪ್ಪು ಕಂಡರೆ ಯಜಮಾನ ತೋಟದ ಕಡೆ ಬರುವುದೇ ಇಲ್ಲ ಎಂದು ತೀರ್ಮಾನಿಸುತ್ತಾರೆ. ಬೋಳು ನೆಲವೇ ಒಳ್ಳೆಯ ಬೇಸಾಯದ ಗುರುತು ಎಂಬ ಈ ನಂಬಿಕೆ ಗೊಬ್ಬರದಂಗಡಿಯಲ್ಲಿ, ಮದುವೆ ಮನೆಯ ಮಾತಿನಲ್ಲಿ, ಕೃಷಿ ಮೇಳದ ಮಳಿಗೆಗಳಲ್ಲಿ ಎಷ್ಟು ಬೇರೂರಿದೆಯೆಂದರೆ ಅದಕ್ಕೆ ಪುರಾವೆ ಕೇಳುವವರೇ ಇಲ್ಲ. ನಾನು ಕೇಳುತ್ತಿದ್ದೇನೆ. ಕೇಳುವುದಕ್ಕೆ ನೆಪವಾಗಿ ಅತಿ ಸಣ್ಣ ಗಿಡವೊಂದನ್ನು ಹಿಡಿದುಕೊಂಡಿದ್ದೇನೆ. ಏಕೆಂದರೆ ಈ ನಂಬಿಕೆಗೆ ಮೊದಲು ಬಲಿಯಾಗಿರುವುದು ಅದೇ.

ಪುಲ್ಲಂಪುರಚಿ. ಕೆಲವು ಕಡೆ ಹುಳಿಸೊಪ್ಪು ಎಂದಷ್ಟೇ ಹೇಳುತ್ತಾರೆ. ಆಯುರ್ವೇದದವರಿಗೆ ಇದು ಚಾಂಗೇರಿ, ಸಸ್ಯಶಾಸ್ತ್ರದವರಿಗೆ ಆಕ್ಸಾಲಿಸ್ ಕಾರ್ನಿಕುಲೇಟ. ನೆಲಕ್ಕಂಟಿಕೊಂಡು ಹರಿಯುತ್ತದೆ, ಗೆಣ್ಣು ಮಣ್ಣಿಗೆ ತಾಗಿದಲ್ಲೆಲ್ಲ ಬೇರು ಬಿಡುತ್ತದೆ. ಒಂದು ತೊಟ್ಟಿಗೆ ಮೂರು ಎಲೆ; ಪ್ರತಿ ಎಲೆಯ ತುದಿಯೂ ಹೃದಯದ ಆಕಾರದಲ್ಲಿ ಸೀಳಿರುತ್ತದೆ. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ಐದೆಸಳಿನ ಪುಟ್ಟ ಹಳದಿ ಹೂ, ಆಮೇಲೆ ಎಳೆ ಬೆಂಡೆಯ ಮರಿಯಂಥ, ನೆಟ್ಟಗೆ ನಿಲ್ಲುವ ಕಾಯಿ. ಶಾಲೆಗೆ ನಡೆದು ಹೋಗುತ್ತಿದ್ದ ಕಾಲದ ಮಕ್ಕಳಿಗೆಲ್ಲ ಆ ಕಾಯಿಯ ಹುಳಿ ಗೊತ್ತು. ಎತ್ತರ ಎಂದರೆ ಪಾದದ ಗಂಟನ್ನೂ ದಾಟುವುದಿಲ್ಲ. ಈ ಗಿಡದ ಮೇಲೆ ನಾವು ಬೆನ್ನಿಗೆ ಪಂಪು ಕಟ್ಟಿಕೊಂಡು ಯುದ್ಧಕ್ಕೆ ಹೊರಟಿದ್ದೇವೆ.

ಮೊದಲ ಆರೋಪ, ಇದು ಬೆಳೆಗೆ ಹಾಕಿದ ಗೊಬ್ಬರ, ನೀರನ್ನು ಕದಿಯುತ್ತದೆ ಎಂಬುದು. ತರಕಾರಿ ಸಸಿಮಡಿಯಲ್ಲಿ, ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಇದು ನಿಜ. ಅಲ್ಲಿ ಸಸಿಯ ಬೇರೂ ಇದರ ಬೇರೂ ಒಂದೇ ಹಿಡಿ ಮಣ್ಣಿಗೆ ಜಗಳ ಆಡುತ್ತವೆ, ಕಿತ್ತು ತೆಗೆಯಲೇಬೇಕು. ಆದರೆ ಬೆಳೆದು ನಿಂತ ಅಡಿಕೆ, ತೆಂಗು, ಕಾಫಿಯ ಬುಡದಲ್ಲಿ ಅಂಗುಲ ಎತ್ತರದ ಸೊಪ್ಪು ಎಷ್ಟನ್ನು ಕದ್ದೀತು? ಕದ್ದದ್ದನ್ನೂ ಅದು ಎಲ್ಲಿಗೂ ಒಯ್ಯುವುದಿಲ್ಲ. ಒಣಗಿದಾಗ ಅದೇ ಬುಡಕ್ಕೆ ಬೀಳುತ್ತದೆ. ಇದರ ಎಲೆ ನೋಡಲು ಕ್ಲೋವರಿನಂತೆ ಇದ್ದರೂ ದ್ವಿದಳ ಧಾನ್ಯದ ಕುಟುಂಬದ್ದಲ್ಲ, ಗಾಳಿಯ ಸಾರಜನಕವನ್ನು ಮಣ್ಣಿಗೆ ಇಳಿಸುವ ಶಕ್ತಿ ಇದಕ್ಕಿಲ್ಲ. ಜಪಾನಿನ ಸಹಜ ಕೃಷಿಕ ಫುಕುವೋಕಾ ತಮ್ಮ ಹೊಲದಲ್ಲಿ ಬಿತ್ತಿದ್ದು ಬಿಳಿ ಕ್ಲೋವರ್, ಇದನ್ನಲ್ಲ. ಹಾಗಾಗಿ ಪುಲ್ಲಂಪುರಚಿ ಗೊಬ್ಬರ ತಯಾರಿಸುತ್ತದೆ ಎಂದು ನಾನು ಹೇಳುವುದಿಲ್ಲ. ಅದು ಮಾಡುವ ಕೆಲಸ ಬೇರೆ: ನೆಲ ಮುಚ್ಚುತ್ತದೆ.

ಈ ಮಾತಿನ ತೂಕ ತಿಳಿಯಬೇಕಾದರೆ ನಮ್ಮ ಮಳೆಯನ್ನು ನೆನೆಯಬೇಕು. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರಿಗೂ ಹೆಚ್ಚು. ಘಟ್ಟದ ಅಂಚಿನ, ಕರಾವಳಿಯ ಹೆಚ್ಚಿನ ತೋಟಗಳಲ್ಲಿ 3,000 ಮಿಲಿಮೀಟರ್ ದಾಟುತ್ತದೆ, ಅದರ ಬಹುಪಾಲು ನಾಲ್ಕು ತಿಂಗಳೊಳಗೆ ಸುರಿದು ಮುಗಿಯುತ್ತದೆ. ಎತ್ತರದ ಅಡಿಕೆ ಸೋಗೆಯಿಂದ ತೊಟ್ಟಿಕ್ಕುವ ದಪ್ಪ ಹನಿ ಬೋಳು ಮಣ್ಣಿನ ಮೇಲೆ ಬಿದ್ದರೆ ಮಣ್ಣಿನ ಹರಳು ಒಡೆಯುತ್ತದೆ. ಒಡೆದ ಸಣ್ಣ ಕಣಗಳು ಮೇಲ್ಮೈಯ ರಂಧ್ರ ಮುಚ್ಚುತ್ತವೆ. ಇಂಗಬೇಕಾದ ನೀರು ಹರಿಯತೊಡಗುತ್ತದೆ, ಹರಿಯುವಾಗ ಮೇಲ್ಮಣ್ಣನ್ನೂ ನೀವು ಹಾಕಿದ ಸುಣ್ಣವನ್ನೂ ಗೊಬ್ಬರವನ್ನೂ ಉಜಿರುಗಾಲುವೆಗೆ ಒಯ್ಯುತ್ತದೆ. ಗೊಬ್ಬರದ ಕಳ್ಳ ಯಾರೆಂದು ನೋಡಬೇಕಿದ್ದರೆ ಜುಲೈ ತಿಂಗಳ ಒಂದು ಜೋರು ಮಳೆಯಲ್ಲಿ, ವಿಷ ಹೊಡೆದ ತೋಟದ ಕಾಲುವೆಯ ನೀರಿನ ಬಣ್ಣವನ್ನೂ ಸೊಪ್ಪು ಹೊದ್ದ ತೋಟದ ಕಾಲುವೆಯ ನೀರಿನ ಬಣ್ಣವನ್ನೂ ಪಕ್ಕಪಕ್ಕದಲ್ಲಿ ನೋಡಿ. ಕೆಂಪಗೆ ಹರಿಯುವುದು ನಿಮ್ಮ ದುಡ್ಡು.

ಬೋಳು ನೆಲ ಹಿರಿಯರ ಪದ್ಧತಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಉತ್ತರ ಕನ್ನಡ, ಶಿವಮೊಗ್ಗದ ಅಡಿಕೆ ಬೇಸಾಯ ನಿಂತದ್ದೇ ಸೊಪ್ಪಿನ ಬೆಟ್ಟದ ಮೇಲೆ. ಬೆಟ್ಟದಿಂದ ಹಸಿ ಸೊಪ್ಪು, ದರಕು ಹೊತ್ತು ತಂದು ಮರದ ಬುಡಕ್ಕೆ ಹಾಸುವುದಕ್ಕಾಗಿಯೇ ತೋಟದ ಜೊತೆಗೆ ಬೆಟ್ಟದ ಹಕ್ಕು ಇತ್ತು. ಆ ಹಕ್ಕನ್ನು ಬ್ರಿಟಿಷರ ಕಾಲದ ಅರಣ್ಯ ಇಲಾಖೆಯೂ ಪೂರ್ತಿ ಕಿತ್ತುಕೊಳ್ಳಲಾಗಲಿಲ್ಲ. ಅಷ್ಟು ಕಷ್ಟಪಟ್ಟು ನೆಲ ಮುಚ್ಚುತ್ತಿದ್ದವರ ಮಕ್ಕಳು ಇಂದು ಪುಕ್ಕಟೆ ಬಂದ ಹೊದಿಕೆಯನ್ನು ದುಡ್ಡು ಕೊಟ್ಟು ಸುಡುತ್ತಿದ್ದಾರೆ. ನನಗೆ ಇದಕ್ಕಿಂತ ದುಃಖದ ಸಂಗತಿ ಬೇಸಾಯದಲ್ಲಿ ಇನ್ನೊಂದು ಕಾಣುವುದಿಲ್ಲ.

ಎರಡನೆಯ ಆರೋಪ, ಇದು ಹಬ್ಬುತ್ತದೆ, ಬಿಟ್ಟರೆ ಇಡೀ ತೋಟ ಆವರಿಸುತ್ತದೆ ಎಂಬುದು. ಹಬ್ಬುತ್ತದೆ, ನಿಜವೇ. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜವನ್ನು ಮಾರು ದೂರಕ್ಕೆ ಎಸೆಯುತ್ತದೆ. ಆದರೆ ಆ ಬೀಜ ಮೊಳೆಯುವುದಕ್ಕೆ ಬೆಳಕು ಬೇಕು. ದಟ್ಟ ನೆರಳಿನಲ್ಲಿ, ದರಕಿನ ಅಡಿಯಲ್ಲಿ ಅದು ಮಲಗಿರುತ್ತದೆ. ಬೋಳು ಮಾಡಿದ, ಬಿಸಿಲು ಬೀಳುವ ಮಣ್ಣೇ ಅದಕ್ಕೆ ಒಳ್ಳೆಯ ಮಡಿ. ವಿಷ ಹೊಡೆದವರು ಈ ವರ್ಷದ ಗಿಡವನ್ನು ಸುಟ್ಟು ಮುಂದಿನ ವರ್ಷದ ಬೀಜಕ್ಕೆ ಜಾಗ ಹದ ಮಾಡಿಕೊಡುತ್ತಾರೆ. ಆಮೇಲೆ ಮತ್ತೆ ವಿಷ. ಜಪಾನಿನಲ್ಲಿ ಈ ಗಿಡದ ಎಲೆಯನ್ನು ಮನೆತನಗಳು ಲಾಂಛನವಾಗಿ ಇಟ್ಟುಕೊಂಡಿವೆ. ಅಲ್ಲಿನ ಅತಿ ಜನಪ್ರಿಯ ಕುಲಚಿಹ್ನೆಗಳಲ್ಲಿ ಇದೂ ಒಂದು. ಎಷ್ಟು ಕಿತ್ತರೂ ನಿರ್ಮೂಲವಾಗದ ಗಿಡ ವಂಶ ಉಳಿಯುವುದಕ್ಕೆ ಶುಭಸೂಚನೆ ಎಂದು ಅವರು ಎಣಿಸಿದರು. ನಾವು ಅದೇ ಗುಣಕ್ಕೆ ಶಿಕ್ಷೆ ಕೊಡಲು ಹೊರಟು ಸೋಲುತ್ತಿದ್ದೇವೆ.

ಪದೇಪದೇ ಹೊಡೆದ ಜಾಗದಲ್ಲಿ ಮೆತ್ತನೆಯ, ನೆಲಕ್ಕಂಟಿದ ಗಿಡಗಳು ಕಡಿಮೆಯಾಗಿ ವಿಷಕ್ಕೆ ಬಗ್ಗದ ಗಡಸು ಗಿಡಗಳು ಮೇಲೇಳುತ್ತವೆ. ಕಳೆನಾಶಕ ಗ್ಲೈಫೋಸೇಟಿಗೆ ಜಗ್ಗದ ಕಳೆ 1996ರಲ್ಲೇ ಆಸ್ಟ್ರೇಲಿಯದಲ್ಲಿ ಕಾಣಿಸಿಕೊಂಡಿತು, ಆಮೇಲೆ ಅಂಥವುಗಳ ಪಟ್ಟಿ ದೇಶದಿಂದ ದೇಶಕ್ಕೆ ಬೆಳೆಯುತ್ತಲೇ ಹೋಗಿದೆ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಕೊಡಗು, ನೀಲಗಿರಿಯ ಎಸ್ಟೇಟುಗಳಲ್ಲಿ ಹುಳಿಸೊಪ್ಪು ದೊಡ್ಡ ಪೀಡೆ ಎನ್ನುವವರು ಹೇಳುತ್ತಿರುವುದು ಬಹುಪಾಲು ನಸುಗೆಂಪು ಹೂವಿನ, ನೆಲದೊಳಗೆ ಗಡ್ಡೆ ಇರುವ ಅಮೆರಿಕ ಮೂಲದ ಜಾತಿಯ ಬಗ್ಗೆ. ಗುದ್ದಲಿ ಹಾಕಿದಷ್ಟೂ ಅದರ ಮರಿಗಡ್ಡೆಗಳು ಚದುರಿ ಹೆಚ್ಚಾಗುತ್ತವೆ, ಅವರ ಕಷ್ಟ ನಿಜವಾದದ್ದು. ಆದರೆ ಅದರ ಅಪರಾಧವನ್ನು ಹಳದಿ ಹೂವಿನ ನಮ್ಮ ಗಿಡದ ಲೆಕ್ಕಕ್ಕೆ ಬರೆಯಬಾರದು. ಇನ್ನೊಂದು ಆಕ್ಷೇಪ ಮೆಕ್ಕೆಜೋಳದ ರೈತರದ್ದು. ಜೋಳದ ಎಲೆಯ ಮೇಲೆ ಕಂದು ಪುಡಿಯಂತೆ ಬರುವ ತುಕ್ಕು ರೋಗದ ಶಿಲೀಂಧ್ರ ತನ್ನ ಜೀವನದ ಒಂದು ಹಂತವನ್ನು ಆಕ್ಸಾಲಿಸ್ ಜಾತಿಯ ಗಿಡಗಳ ಮೇಲೆ ಕಳೆಯಬಲ್ಲುದು ಎಂಬುದು ಸಸ್ಯರೋಗ ಶಾಸ್ತ್ರ ಒಪ್ಪಿದ ಮಾತು. ಆದರೆ ಒಂದಲ್ಲ ಒಂದು ಕಡೆ ವರ್ಷವಿಡೀ ಜೋಳ ನಿಂತಿರುವ ನಮ್ಮಂಥ ಬಿಸಿ ನಾಡಿನಲ್ಲಿ ಆ ತುಕ್ಕು ಮುಖ್ಯವಾಗಿ ಜೋಳದಿಂದ ಜೋಳಕ್ಕೇ ಗಾಳಿಯಲ್ಲಿ ಹಾರುತ್ತದೆ. ಬದುವಿನ ಸೊಪ್ಪನ್ನು ಸುಟ್ಟು ಅದನ್ನು ತಡೆಯಲಾಗದು. ರೋಗ ತಡೆಯುವ ತಳಿ ಬಿತ್ತಬೇಕು.

ಇನ್ನು ಊಟದ ಮಾತು. ತೋಟದಲ್ಲಿ ಕಳೆ ಎಂದು ಹೊಡೆದದ್ದು ಸಾಲದೆಂದು ಈಗ ತಟ್ಟೆಯಿಂದಲೂ ಇದನ್ನು ಓಡಿಸುವ ಮಾತು ಕೇಳುತ್ತಿದೆ. ‘ಅದರಲ್ಲಿ ಆಕ್ಸಾಲಿಕ್ ಆಮ್ಲ ಇದೆ, ಕಿಡ್ನಿಯಲ್ಲಿ ಕಲ್ಲಾಗುತ್ತದೆ’ ಎಂದು ಓದಿದವರು ಹೆದರಿಸುತ್ತಾರೆ. ಆಮ್ಲ ಇದೆ. ಆಮ್ಲಕ್ಕೆ ಆ ಹೆಸರು ಬಂದದ್ದೇ ಈ ಗಿಡದ ಕುಲದಿಂದ. ಹಿತ್ತಾಳೆ ಚೊಂಬನ್ನು ಈ ಸೊಪ್ಪು ಹಾಕಿ ತಿಕ್ಕಿದರೆ ಹೊಳೆಯುವುದೂ ಅದೇ ಆಮ್ಲದ ಕೆಲಸ. ಆದರೆ ಹೆದರಿಸುವವರ ಮನೆಯಲ್ಲಿ ವಾರಕ್ಕೆರಡು ಸಲ ಪಾಲಕ್ ಪನೀರ್ ಆಗುತ್ತದೆ. ನೂರು ಗ್ರಾಂ ಪಾಲಕಿನಲ್ಲಿ ಸುಮಾರು ಅರ್ಧ ಗ್ರಾಂನಿಂದ ಒಂದು ಗ್ರಾಂ ತನಕ ಆಕ್ಸಲೇಟ್ ಇರುತ್ತದೆ. ನಾವು ತಿನ್ನುವ ಸೊಪ್ಪುಗಳಲ್ಲಿ ಅದು ಮೇಲಿನ ಸಾಲಿನದು. ಹರಿವೆ, ದಂಟುಗಳಲ್ಲೂ ಕಡಿಮೆಯೇನಿಲ್ಲ. ಆ ಯಾವ ಸೊಪ್ಪಿಗೂ ಯಾರೂ ಬಹಿಷ್ಕಾರ ಹಾಕಿಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದದ್ದು ಆಹಾರ, ಬೇಲಿ ಬುಡದಲ್ಲಿ ಪುಕ್ಕಟೆ ಸಿಕ್ಕಿದ್ದು ವಿಷ ಎನ್ನುವ ಈ ಭೇದ ರಸಾಯನಶಾಸ್ತ್ರದಿಂದ ಬಂದದ್ದಲ್ಲ.

ನಮ್ಮ ಅಡುಗೆಯವರು ಈ ಆಮ್ಲದ ಜೊತೆ ಹೇಗೆ ನಡೆದುಕೊಂಡರು ನೋಡಿ. ಒಂದು ಮುಷ್ಟಿ ಸೊಪ್ಪು; ಅದಕ್ಕಿಂತ ಹೆಚ್ಚು ಯಾರೂ ಹಾಕುವುದಿಲ್ಲ, ಹಾಕಿದರೆ ಹುಳಿ ತಡೆಯಲಾಗದು. ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಸೊಪ್ಪನ್ನೂ ಬಾಡಿಸಿ, ತೆಂಗಿನತುರಿ ಜೊತೆ ನುಣ್ಣಗೆ ಅರೆದು, ಹುಳಿಯಿಲ್ಲದ ಸಿಹಿ ಮಜ್ಜಿಗೆಯಲ್ಲಿ ಕದಡಿ, ಸಾಸಿವೆ ಒಗ್ಗರಣೆ ಕೊಟ್ಟರೆ ತಂಬುಳಿ. ಮಜ್ಜಿಗೆಯ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಕಟ್ಟಿಹಾಕುತ್ತದೆ. ಕರಗದ ಆ ಲವಣ ರಕ್ತಕ್ಕೆ ಸೇರದೆ ಮಲದಲ್ಲಿ ಹೊರಟುಹೋಗುತ್ತದೆ. ಕಲ್ಲಿನ ತೊಂದರೆ ಇರುವವರಿಗೆ ಇಂದಿನ ಆಹಾರತಜ್ಞರು ಹೇಳುವುದೂ ಆಕ್ಸಲೇಟ್ ಇರುವ ಸೊಪ್ಪನ್ನು ಮಿತಿಗೊಳಿಸಿ, ತಿಂದರೆ ಹಾಲು ಮೊಸರಿನ ಜೊತೆ ತಿನ್ನಿ ಎಂದೇ. ತೊಗರಿಬೇಳೆ ಹಾಕಿ ಬೇಯಿಸುವ ಸಾರಿನಲ್ಲೂ ಹುಣಿಸೆಹಣ್ಣಿನ ಬದಲು ಈ ಸೊಪ್ಪು ಹೋಗುತ್ತದೆಯೇ ಹೊರತು ಹೊಟ್ಟೆ ತುಂಬಿಸುವ ಪಲ್ಯವಾಗಿ ಅಲ್ಲ. ಚರಕ ಸಂಹಿತೆಯಲ್ಲಿ ಚಾಂಗೇರಿ ಘೃತ ಎಂಬ ತುಪ್ಪವೇ ಇದೆ, ಹೊಟ್ಟೆ ಕೆಟ್ಟವರ ಚಿಕಿತ್ಸೆಗೆ. ಅಲ್ಲೂ ಮೊಸರು ಜೊತೆಗಿದೆ. ಪ್ರಯೋಗಶಾಲೆ ಇಲ್ಲದೆ ನೂರಾರು ವರ್ಷ ಉಂಡು, ನೋಡಿ, ತಿದ್ದಿಕೊಂಡು ಬಂದ ಪಾಕ ಇದು.

ಅಪಾಯ ಎಲ್ಲಿದೆ ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಈ ವಾದಕ್ಕೆ ಬೆಲೆಯಿಲ್ಲ. ಮೂತ್ರಪಿಂಡದ ಕಾಯಿಲೆ ಇರುವವರು, ಆಕ್ಸಲೇಟ್ ಕಲ್ಲು ಒಮ್ಮೆ ಆದವರು ಇದನ್ನು ಬಿಡಬೇಕು. ಆಸ್ಟ್ರೇಲಿಯದಲ್ಲಿ ಇದರ ದಾಯಾದಿ ಜಾತಿಯನ್ನು ಹೊಟ್ಟೆ ತುಂಬ ಮೇದ ಕುರಿಗಳು ಸತ್ತಿವೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಾಶಿ ಹಸಿ ಸೊಪ್ಪು ಮಿಕ್ಸಿಗೆ ಹಾಕಿ ಲೋಟಗಟ್ಟಲೆ ಕುಡಿದು ಮೂತ್ರಪಿಂಡ ಕೆಡಿಸಿಕೊಂಡವರ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿವೆ. ಹಾಗಾಗಿ ಈ ಗಿಡವನ್ನು ಸರ್ವರೋಗ ನಿವಾರಕ ಎಂದು ಪುಡಿ ಮಾಡಿ ಡಬ್ಬದಲ್ಲಿ ಮಾರುವವರನ್ನೂ ನಾನು ನಂಬುವುದಿಲ್ಲ. ಒಂದು ಮುಷ್ಟಿ ಮತ್ತು ಒಂದು ರಾಶಿಯ ನಡುವಿನ ವ್ಯತ್ಯಾಸ ಮರೆತದ್ದರಲ್ಲಿ ಹೆದರಿಸುವವರೂ ಮಾರುವವರೂ ಒಂದೇ.

ಈ ತೋಟದ ನೆಲ ಯಜಮಾನನಿಗೆ ಮಾತ್ರ ಸೇರಿದ್ದೇ ಎಂಬ ಪ್ರಶ್ನೆಯನ್ನು ಚೊಕ್ಕ ತೋಟದ ವಕೀಲರು ಎಂದೂ ಎತ್ತುವುದಿಲ್ಲ. ಕೆಲಸಕ್ಕೆ ಬಂದ ಹೆಂಗಸರು ಸಂಜೆ ಮನೆಗೆ ಹೋಗುವಾಗ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದದ್ದು ಏನು? ಮಲೆನಾಡಿನಲ್ಲಿ ಒಂದೆಲಗ, ಹೊನಗೊನ್ನೆ, ಪುಲ್ಲಂಪುರಚಿ. ಕೋಲಾರ, ತುಮಕೂರು, ಮಂಡ್ಯದ ಕಡೆ ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಕಿರಕಸಾಲೆ, ಗಣಿಕೆ, ಕನ್ನೆ. ಹತ್ತು ಬಗೆ ಒಟ್ಟು ಸೇರಿಸಿ ಬೆರಕೆ ಸೊಪ್ಪು ಎಂದು ಬಸ್ಸಾರು, ಮಸ್ಸೊಪ್ಪು ಮಾಡಿ ಮುದ್ದೆಗೆ ಕಲಸಿಕೊಂಡು ಉಂಡವರು ನಮ್ಮಲ್ಲಿ ಎಷ್ಟೋ ಲಕ್ಷ ಮಂದಿ. ಮೊದಲ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಯಾವುದು ಎಳೆಯದು, ಯಾವುದು ಬಲಿತದ್ದು, ಯಾವುದನ್ನು ಬಸಿರಿಯರಿಗೆ ಕೊಡಬಾರದು ಎಂಬ ತಿಳಿವಳಿಕೆ ಹೆಚ್ಚಾಗಿ ಭೂಮಿಯಿಲ್ಲದ ಮನೆಗಳ ಹೆಂಗಸರಲ್ಲಿತ್ತು. ಅದಕ್ಕೆ ಪದವಿ ಇಲ್ಲ, ಅದನ್ನು ಯಾರೂ ಬರೆದುಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಪಂಪಿನಲ್ಲಿ ಹೊಡೆದ ವಿಷ ಅವರ ಸಾರಿನ ಪಾತ್ರೆಯನ್ನು ಬರಿದು ಮಾಡುತ್ತದೆ. ಬರಿದು ಮಾಡಿದರೆ ಅಷ್ಟೇ ಹೋಯಿತು. ಹೊಡೆದದ್ದು ಗೊತ್ತಿಲ್ಲದೆ ಮರುದಿನ ಸೊಪ್ಪು ಕೊಯ್ದವಳ ಗತಿ ಏನು? ಗ್ಲೈಫೋಸೇಟ್ ಹೊಡೆದ ಗಿಡ ಅಂದೇ ಒಣಗುವುದಿಲ್ಲ, ಹಲವು ದಿನ ಹಸಿರಾಗಿಯೇ ಕಾಣುತ್ತದೆ. ಹೊಡೆದ ಜಾಗಕ್ಕೆ ಕೆಂಪು ಬಟ್ಟೆ ಕಟ್ಟುವ ರೂಢಿಯೂ ನಮ್ಮಲ್ಲಿಲ್ಲ. ಕಳೆ ನಿಯಂತ್ರಣದ ಲಾಭ ನಷ್ಟದ ಯಾವ ಲೆಕ್ಕದಲ್ಲೂ ಈ ಹೆಂಗಸಿನ ಹೆಸರನ್ನು ನಾನು ಕಂಡಿಲ್ಲ. ಇದು ಬರೀ ಸಸ್ಯದ ಪ್ರಶ್ನೆಯಾಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ.

ಊಟ ಮನುಷ್ಯರದ್ದಷ್ಟೇ ಅಲ್ಲ. ನೆಲದ ಸಮೀಪ ಹಾರುವ ಬೂದು ನೀಲಿ ಬಣ್ಣದ ಪುಟ್ಟ ಚಿಟ್ಟೆಯೊಂದರ ಹುಳು ಮೇಯುವುದು ಪುಲ್ಲಂಪುರಚಿಯ ಎಲೆಯನ್ನೇ. ಫುಕುಶಿಮಾ ಅಣು ದುರಂತದ ನಂತರ ವಿಕಿರಣದ ಪರಿಣಾಮ ತಿಳಿಯಲು ಜಪಾನಿನ ವಿಜ್ಞಾನಿಗಳು ಆರಿಸಿಕೊಂಡದ್ದು ಇದೇ ಚಿಟ್ಟೆಯನ್ನು. ಅದಕ್ಕೆ ಕಾರಣ, ಚಿಟ್ಟೆಯೂ ಅದರ ಸೊಪ್ಪೂ ಮನುಷ್ಯ ಇರುವಲ್ಲೆಲ್ಲ ಇರುತ್ತವೆ ಎಂಬುದು.

ಎದುರು ಪಕ್ಷದಲ್ಲಿ ನಾನು ಗೌರವಿಸುವ ವಾದ ಒಂದೇ: ಆಳು ಸಿಗುವುದಿಲ್ಲ. ಇದು ಸುಳ್ಳಲ್ಲ. ಮಕ್ಕಳು ಬೆಂಗಳೂರಿಗೆ ಹೋಗಿದ್ದಾರೆ, ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ, ಕೂಲಿ ಏರಿದೆ, ಕತ್ತಿ ಹಿಡಿಯುವವರಿಲ್ಲ. ಅಂಥ ಮನೆಯ ಯಜಮಾನ ‘ಮಾರಾಯ್ರೆ, ನಾನು ಬೇಕೂಂತ ಹೊಡೆಯುವುದಲ್ಲ, ಬೇರೆ ದಾರಿ ಎಲ್ಲುಂಟು?’ ಎಂದಾಗ ಉಪದೇಶ ಮಾಡಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ವಾದ ಪುಲ್ಲಂಪುರಚಿಯ ಪರವಾಗಿಯೇ ಇದೆ ಎಂಬುದನ್ನು ಅವರು ಗಮನಿಸಿಲ್ಲ. ಆಳು ಬೇಕಾಗುವುದು ಎದೆಮಟ್ಟ ಬೆಳೆಯುವ ಕಮ್ಯುನಿಸ್ಟ್ ಗಿಡಕ್ಕೆ, ಮುಳ್ಳಿನ ಪೊದೆಗೆ, ಕಾಲಿಗೆ ಸುತ್ತುವ ಬಳ್ಳಿಗೆ. ಅಂಗುಲ ಎತ್ತರದ ಸೊಪ್ಪಿಗೆ ಆಳೇ ಬೇಡ. ಬಿದ್ದ ಅಡಿಕೆ ಅದರ ಮೇಲೆ ಕಾಣುತ್ತದೆ, ಹಾವೂ ಕಾಣುತ್ತದೆ, ಪೈಪು ಎಳೆಯಲು ಅಡ್ಡಿಯಿಲ್ಲ. ವರ್ಷಕ್ಕೆ ಎರಡು ಸಲ ಹುಲ್ಲು ಹೊಡೆಯುವ ಮೆಷಿನ್ ತಂದು ಎತ್ತರದ್ದನ್ನು ಮಾತ್ರ ಸವರಿ ಅಲ್ಲೇ ಬೀಳಿಸಿದರೆ ತಗ್ಗಿನ ಗಿಡಗಳು ಬೆಳಕು ಕಂಡು ಜಾಗ ಹಿಡಿಯುತ್ತವೆ. ಅವು ಹಿಡಿದಷ್ಟೂ ಎತ್ತರದವಕ್ಕೆ ಮೊಳೆಯಲು ಜಾಗ ಕಡಿಮೆ. ಒಂದೆರಡು ವರ್ಷ ತಾಳ್ಮೆ ಬೇಕು, ನಿಜ. ವಿಷದ ದಾರಿಯಲ್ಲಿ ವರ್ಷ ವರ್ಷವೂ ಡಬ್ಬ ಬೇಕು.

ಆ ಡಬ್ಬದ ಬಗ್ಗೆ ಕೊನೆಯದಾಗಿ. ‘ಅದು ಗಿಡದಲ್ಲಿ ಮಾತ್ರ ಇರುವ ಕಿಣ್ವವನ್ನು ತಡೆಯುತ್ತದೆ, ಮನುಷ್ಯನಿಗೆ ಏನೂ ಮಾಡದು’ ಎಂದು ಅಂಗಡಿಯವರು ಹೇಳುತ್ತಾರೆ. ಆ ಕಿಣ್ವ ಮಣ್ಣಿನ ಅನೇಕ ಸೂಕ್ಷ್ಮಜೀವಿಗಳಲ್ಲೂ ಇದೆ ಎಂಬುದನ್ನು ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಿಗೆ ಬಹುಶಃ ಕ್ಯಾನ್ಸರ್ ತರಬಲ್ಲ ವಸ್ತುಗಳ ಪಟ್ಟಿಗೆ ಸೇರಿಸಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಅದನ್ನು ಒಪ್ಪಿಲ್ಲ. ವಾದ ಇನ್ನೂ ನಡೆದಿದೆ. ವಾದ ಮುಗಿಯುವ ತನಕ ನಮ್ಮ ಬಾವಿಯ ಮೇಲಿನ ಇಳಿಜಾರಿನಲ್ಲಿ ಪ್ರಯೋಗ ನಡೆಯಬೇಕೇ? ಎಂಡೋಸಲ್ಫಾನ್ ಬೇರೆ ವಿಷ, ಕೀಟನಾಶಕ. ಎರಡನ್ನೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ದಕ್ಷಿಣ ಕನ್ನಡದ ಕೊಕ್ಕಡದ ಸುತ್ತ, ಗಡಿಯಾಚೆಯ ಕಾಸರಗೋಡಿನಲ್ಲಿ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸುರಿದ ಸುಮಾರು ಎರಡು ದಶಕಗಳ ಉದ್ದಕ್ಕೂ ಜನರಿಗೆ ಸಿಕ್ಕ ಭರವಸೆ ಇದೇ ಆಗಿತ್ತು: ಏನೂ ಆಗುವುದಿಲ್ಲ. ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ದೇಶದಲ್ಲಿ ನಿಷೇಧಿಸಿದ್ದು 2011ರಲ್ಲಿ. ಅಷ್ಟರಲ್ಲಿ ಏಳಲಾಗದ ಮಕ್ಕಳು ಮನೆಮನೆಯಲ್ಲಿದ್ದರು. ಆ ನೆನಪಿರುವ ಜಿಲ್ಲೆಯಲ್ಲೇ ಇನ್ನೊಂದು ಭರವಸೆಯನ್ನು ಪ್ರಶ್ನೆಯಿಲ್ಲದೆ ನುಂಗುತ್ತಿರುವುದು ನನಗೆ ಸಿಟ್ಟು ತರಿಸುತ್ತದೆ.

ಕೇಂದ್ರ ಕೃಷಿ ಸಚಿವಾಲಯ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿ, ಕೀಟ ನಿಯಂತ್ರಣದ ಪರವಾನಗಿ ಇರುವವರ ಹೊರತು ಬೇರೆ ಯಾರೂ ಗ್ಲೈಫೋಸೇಟ್ ಬಳಸಕೂಡದು ಎಂದಿತು. ತಯಾರಕರು ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಆದರೆ ಆ ಅಧಿಸೂಚನೆಗೂ ಬಹಳ ಹಿಂದಿನಿಂದ ನಮ್ಮ ದೇಶದಲ್ಲಿ ಈ ಕಳೆನಾಶಕಕ್ಕೆ ಒಪ್ಪಿಗೆ ಇದ್ದದ್ದು ಚಹಾ ತೋಟಗಳಿಗೆ ಮತ್ತು ಬೆಳೆಯೇ ಇಲ್ಲದ ಜಾಗಗಳಿಗೆ. ಮುಂದಿನ ಸಲ ಕೊಳ್ಳುವ ಮೊದಲು ಡಬ್ಬಕ್ಕೆ ಅಂಟಿಸಿದ ಚೀಟಿಯನ್ನು, ಅಕ್ಷರ ಎಷ್ಟೇ ಸಣ್ಣದಿದ್ದರೂ, ಕನ್ನಡಕ ಹಾಕಿಕೊಂಡು ಪೂರ್ತಿ ಓದಿ. ಅದರಲ್ಲಿ ಅಡಿಕೆಯ ಹೆಸರಿಲ್ಲ.